ಯಾವ ಗುಂಡಿ

ಗುಂಡಿ ಕೆಲಸ ಮಾಡುತ್ತಿಲ್ಲ, ಎಂದು ಬರೆದೆ.
ಯಾವ ಗುಂಡಿ, ಎಂದು ಬರೆದ ಓಲ್ಗೆರ್ದ್.

ಕೆಳಗಿನದು.
ಕೆಳಗೆ ನಾಲ್ಕಿವೆ, ಹಾಲ್‌ಷ್ಕಾ:
ಬಣ್ಣ ತುಂಬಿದ್ದು, ಬರೀ ಅಂಚಿನದು,
ಅಕ್ಷರವಷ್ಟೇ ಇರುವುದು,
ಇನ್ನೊಂದು ಗುಂಡಿಯೇ ಅಲ್ಲ,
ಗುಂಡಿಯ ವೇಷ ಹಾಕಿದ ಲಿಂಕು.
ವೇಷ ಕಟ್ಟಿಸಿದ್ದು ಯಾರಪ್ಪಾ, ಎಂದು ನಾನು ಕೇಳಲಿಲ್ಲ.
ಗ್ದಿನ್ಯಾದ ಕಿಟಕಿಗಳಿಗೆ ಸಮುದ್ರದ ಕಡೆಯಿಂದ
ಒದ್ದೆ ಹಿಮ ಬಡಿಯುತ್ತಿತ್ತು. ಚಹಾ ಆರಿತ್ತು.

ಟಿಕೆಟ್ ನಾಲ್ಕುನೂರ ಹನ್ನೆರಡು
ಒಂಬತ್ತು ದಿನ ಬಾಯಿ ತೆರೆದೇ ಕೂತಿತು.
ನನ್ನಲ್ಲಿ ಸರಿಯಿದೆ, ಎಂದ.
ಅಲ್ಲಿ ಸರಿಯಿಲ್ಲ, ಎಂದೆ.
ಚಿತ್ರ ಕಳಿಸು, ಎಂದ. ಕಳಿಸಿದೆ.
ಚಿತ್ರದಲ್ಲಿ ಎಲ್ಲವೂ ಚೆನ್ನಾಗಿಯೇ ಇತ್ತು
ಮದುವೆ ಫೋಟೋದಲ್ಲಿ ಇರುವ ಹಾಗೆ.

ಈ ಕುರ್ಚಿಗೆ ಬರುವ ಮೊದಲು ಹಡಗುಕಟ್ಟೆಯಲ್ಲಿ
ಹನ್ನೊಂದು ವರ್ಷ ಕಂಟೇನರು ಎಣಿಸಿದವಳು ನಾನು.
ಅಲ್ಲಿ 'ಅದು' ಎಂದರೆ ಸಾಕಿತ್ತು,
ತೋರಿಸಲು ಬೆರಳಿತ್ತು.
ಇಲ್ಲಿ ಬೆರಳು ಗಾಜಿಗೆ ತಾಕಿ ನಿಲ್ಲುತ್ತದೆ.
ಎರಡು ಮಹಡಿ ಮೇಲೆ ಕೂತವನಿಗೆ
ಬರುವುದು ಮಾತು ಮಾತ್ರ, ಬೆರಳು ಕಡಿದ ಮಾತು.

ಅಷ್ಟಕ್ಕೂ ಆ ಮಾತು ನನ್ನದಲ್ಲ, ಜೆನೋನನದು.
ರಾತ್ರಿ ಪಾಳಿ, ತಂಪು ಕಂಟೇನರುಗಳ ಸಾಲು ಅವನದು.
ಪರದೆಯಲ್ಲಿ ತಂಪಿಗೊಂದು ಸ್ವಿಚ್ಚು,
ಎಡಕ್ಕೆ ಬಿಳಿ, ಬಲಕ್ಕೆ ಹಸಿರು.
ಜಾರಿಸಿದ, ಹಸಿರಾಯಿತು.
ಅದರಡಿಯಲ್ಲೇ 'ಉಳಿಸು' ಎಂಬ ಗುಂಡಿ,
ಬೂದು ಬಳಿದುಕೊಂಡು, ಒತ್ತಿದರೂ ಏಳದೆ.
ಉಳಿಸದೆ ಏನು ಉಳಿದೀತು?
ಮತ್ತೆ ಜಾರಿಸಿದ, ಮತ್ತೆ,
ಬೂದಿಗೆ ಜೀವ ಬರಲೆಂದು.
ಪಾಳಿ ಮುಗಿದಾಗ ಸ್ವಿಚ್ಚು ಬಿಳಿಯಲ್ಲಿ ನಿಂತಿತ್ತು.
ದಫ್ತರದಲ್ಲಿ ಬರೆದಿಟ್ಟು ಮನೆಗೆ ಹೋದ:
ಗುಂಡಿ ಕೆಲಸ ಮಾಡುತ್ತಿಲ್ಲ.
ಬೆಳಿಗ್ಗೆ ಹೆರಿಂಗ್ ಮೀನು
ತಾನಿರುವ ಜಾಗವನ್ನು ತಾನೇ ಸಾರಿತು.

ಸ್ವಿಚ್ಚು ಆ ಕ್ಷಣಕ್ಕೇ ಕೆಲಸ ಮಾಡುತ್ತದೆ,
ಉಳಿಸುವುದು ಮೇಲಿನ ವಿಳಾಸದ ಸಾಲುಗಳಿಗೆ, ಎಂದ ಓಲ್ಗೆರ್ದ್.
ಅದು ಎಲ್ಲಿ ಬರೆದಿದೆ?
ಎಲ್ಲರಿಗೂ ಗೊತ್ತಿರುವುದೇ.
ಎಲ್ಲರೂ ಅಂದರೆ ಯಾವ ಮಹಡಿಯವರು?

ಅವನ ಹೆಸರಿನ ಪಕ್ಕ ಮೂರು ಚುಕ್ಕಿ
ಎದ್ದವು, ಮಲಗಿದವು, ಎದ್ದವು.
ಆಮೇಲೆ ಏನೂ ಇಲ್ಲ.
ಆಮೇಲೆ ಮೆಟ್ಟಿಲ ಮೇಲೆ ಸದ್ದು,
ಬಾಗಿಲಲ್ಲಿ ಕೋಟು ತೊಟ್ಟ ಮನುಷ್ಯ.
ನಡಿ, ಎಂದ.

ಕಟ್ಟೆಯ ಮೇಲೆ ಗಾಳಿ ಮೂಗು ಕತ್ತರಿಸುತ್ತಿತ್ತು.
ಜೆನೋನ್ ತನ್ನ ಗವಸು ಬಿಚ್ಚಿ ಕೊಟ್ಟ,
ತುದಿಗೆ ತಾಮ್ರದೆಳೆ ಹೆಣೆದದ್ದು, ಒಳಗೆ ಬೆಚ್ಚಗಿದ್ದದ್ದು.
ಓಲ್ಗೆರ್ದ್ ಸ್ವಿಚ್ಚು ಜಾರಿಸಿದ.
ಹಸಿರಾಯಿತು.
ಆಗ ಅವನ ಹೆಬ್ಬೆರಳು,
ನಿಯಮ ಬರೆದವನ ಹೆಬ್ಬೆರಳು,
ತಾನಾಗಿ ಕೆಳಗಿಳಿದು
'ಉಳಿಸು' ಮೇಲೆ ಕೂತಿತು.
ಒತ್ತಿತು. ಇನ್ನೊಮ್ಮೆ ಒತ್ತಿತು.
ತೋಡಿದವನೇ ಗುಂಡಿಗೆ ಬಿದ್ದಾಗ ನಗಬೇಕೆಂದು
ಒಂಬತ್ತು ದಿನದಿಂದ ಕಾದಿದ್ದೆ.
ನಗು ಬರಲಿಲ್ಲ. ಚಳಿ ಬಹಳವಿತ್ತು.

ಈಗ ಗೋಡೆಗೆ ಅಂಟಿಸಿದ ಹಾಳೆಯಿದೆ,
ಎಡಕ್ಕೆ ಅವನ ಹೆಸರುಗಳು, ಬಲಕ್ಕೆ ನನ್ನವು.
ಅವನ ಟಾಗಲ್ ನನಗೆ 'ಆಗಿಹೋಯಿತು'.
ಅವನ ಚೆಕ್‌ಬಾಕ್ಸ್ ನನಗೆ 'ಇನ್ನೂ ಯೋಚಿಸು'.
ಬೂದು ಬಣ್ಣಕ್ಕೆ ಮೂರು ಸಾಲು ಹಿಡಿಯಿತು:
ಈಗ ಬೇಡ, ನಿನಗಲ್ಲ, ತಾಳು ಬರುತ್ತಿದೆ.
ಕೊನೆಗೆ ಉಳಿದದ್ದು ಆ ಚೌಕ,
ಗೆರೆಯೂ ಇಲ್ಲ, ಖಾಲಿಯೂ ಅಲ್ಲ ಎನ್ನುವಂತೆ
ನಡುವೆ ಪುಟ್ಟ ಅಡ್ಡಗೀಟು ಎಳೆದುಕೊಂಡದ್ದು.
ಅವನಿಗೂ ಹೆಸರು ಹೊಳೆಯಲಿಲ್ಲ, ನನಗೂ.

ಸಂಬಳದ ಚೀಟಿಗೆಂದು ಬಂದ ಜೆನೋನ್
ಕನ್ನಡಕ ಹಣೆಗೇರಿಸಿ ನೋಡಿ ಹೇಳಿದ:
ಇದು ರಜೆ ಕೇಳಿದಾಗ ನಮ್ಮ ಫೋರ್ಮನ್ನನ ಬಾಯಿ.

ಹಾಗೆಯೇ ಬರೆದುಕೊಂಡೆವು, ಎರಡೂ ಕಡೆ.
ಫೋರ್ಮನ್ನನಿಗೆ ಇನ್ನೂ ತಿಳಿಸಿಲ್ಲ.